ಹೊನ್ನೆಮರಕ್ಕೆ ಕಾವಲಿಟ್ಟ ಕಲ್ಲು

ಆ ಪುಸ್ತಕವನ್ನು ಕಾರವಾರದಿಂದ ತಂದವಳು ನಾನು. ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ಏನಾದರೂ ಕೊಡಬೇಕಿತ್ತು. ಅಂಗಡಿಯವನು ದಪ್ಪ ರಟ್ಟಿನ ಹಸಿರು ಪುಸ್ತಕವೊಂದನ್ನು ಮುಂದೆ ತಳ್ಳಿ, "ಈಗ ಎಲ್ಲ ಮಕ್ಕಳೂ ಇದನ್ನೇ ಕೇಳ್ತಾರೆ ಮೇಡಂ" ಎಂದ. ರಟ್ಟಿನ ಮೇಲೆ ಬಿಳಿಕುದುರೆ ಏರಿದ ಪುಟ್ಟ ರಾಜಕುಮಾರಿ, ಅವಳ ಹಿಂದೆ ಹಿಮ ಹೊದ್ದ ಕಾಡು. ಕಾಡು ಕಡಿಯಲು ಬಂದ ದುಷ್ಟ ಮಂತ್ರಿಯನ್ನೂ ಅವನ ಸೈನ್ಯವನ್ನೂ ಅವಳು ಮಾಯಾದಂಡ ಹಿಡಿದು ಒಬ್ಬಳೇ ತಡೆಯುವ ಕತೆ. ಬಸ್ಸಿನಲ್ಲಿ ಬಿಣಗಾ ದಾಟುವುದರೊಳಗೆ ನಾಲ್ಕಾರು ಪುಟ ಓದಿ, ಉಳಿದದ್ದನ್ನು ಕಡೆಯವರೆಗೆ ತಿರುವಿ ಹಾಕಿದೆ, ಆಕಳಿಕೆ ಬಂತು.

ಆ ರಾಜಕುಮಾರಿಗೆ ಹಸಿವಾಗುವುದಿಲ್ಲ. ಕಾಡಿನಲ್ಲಿ ಅಷ್ಟು ಓಡಾಡಿದರೂ ಲಂಗಕ್ಕೆ ಒಂದು ಮುಳ್ಳು ತಾಗುವುದಿಲ್ಲ. ಮರಗಳೆಲ್ಲ ಆಕಾಶವಾಣಿಯ ವಾರ್ತೆ ಓದುವವರ ಹಾಗೆ ಶುದ್ಧವಾಗಿ ಮಾತಾಡುತ್ತವೆ. ಕಡೆಗೆ ಮಂತ್ರಿ ತನ್ನ ತಪ್ಪು ತಿಳಿದು ಗಳಗಳ ಅತ್ತು ತಾನೇ ಒಂದು ಸಸಿ ನೆಡುತ್ತಾನೆ. ನಾನು ಅವರ್ಸಾದಲ್ಲಿ ಹುಟ್ಟಿ ಬೆಳೆದವಳು, ಅಂಕೋಲೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾ ತಲೆ ಹಣ್ಣಾಗಿದೆ. ಮರ ಕಡಿದು ಅತ್ತವರನ್ನು ಇದುವರೆಗೆ ನೋಡಿಲ್ಲ. ಕಡಿದು ಸತ್ಯನಾರಾಯಣ ಪೂಜೆ ಮಾಡಿಸಿ, ನನ್ನನ್ನೇ ಪ್ರಸಾದಕ್ಕೆ ಕರೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಹುಡುಗಿ ಮಾತ್ರ ಆ ಪುಸ್ತಕವನ್ನು ಕೆಳಗಿಡಲಿಲ್ಲ. ಊಟದ ತಟ್ಟೆಯ ಪಕ್ಕದಲ್ಲೂ ಅದೇ. ಅತ್ತಿಗೆ ಬೈದಳು, ಮೀನುಸಾರಿನ ಕಲೆ ಬಿತ್ತು, ಆದರೂ ಬಿಡಲಿಲ್ಲ. ಅವಳು ಹಿಮ ನೋಡಿದ್ದು ಫ್ರಿಜ್ಜಿನಲ್ಲಿ. ಕುದುರೆ ನೋಡಿದ್ದು ಕಾರವಾರದ ಕಡಲತೀರದಲ್ಲಿ, ಅದೂ ಪ್ರವಾಸಿಗರನ್ನು ಹೊತ್ತು ಸುಸ್ತಾಗಿ ನಿಂತ ಕುದುರೆ. ಆದರೆ ಕಾಪಾಡಲು ಅವಳಿಗೆ ನಿಜವಾಗಿಯೂ ಒಂದು ಮರ ಇತ್ತು.

ನಮ್ಮ ಮನೆಯ ಎದುರಿಗೆ ಹೆದ್ದಾರಿಯಿಂದ ಕಡಲಿಗೆ ಇಳಿಯುವ ಓಣಿ. ಓಣಿಯ ಬದಿಯಲ್ಲಿ, ನಮ್ಮ ಅಂಗಳ ಮುಗಿಯುವಲ್ಲಿ, ಆ ಹೊನ್ನೆಮರ. ಕೊಂಕಣಿ ಆಡುವ ನೆರೆಯವರು ಅದನ್ನು ಉಂಡಿ ಎನ್ನುತ್ತಿದ್ದರು. ದಪ್ಪ ಎಲೆ, ಬಿಳಿ ಹೂ, ಗೋಲಿಯಂಥ ಕಾಯಿ. ಸಂಜೆಯಾದರೆ ಬಾವಲಿಗಳು ಬಂದು ಕಾಯಿಯ ಸಿಪ್ಪೆ ತಿಂದು ಬೀಜ ಉದುರಿಸುತ್ತವೆ. ನಮ್ಮ ಅಜ್ಜಿಯ ಕಾಲದಲ್ಲಿ ಬೆಳಿಗ್ಗೆ ಆ ಬೀಜ ಹೆಕ್ಕುವುದೇ ಮಕ್ಕಳ ಕೆಲಸ. ಒಣಗಿಸಿ ಗಾಣಕ್ಕೆ ಕೊಟ್ಟರೆ ಎಣ್ಣೆ. ದೀಪಕ್ಕೂ ಅದೇ, ದೋಣಿಗೂ ಅದೇ, ಅಜ್ಜಿಯ ಮೊಣಕಾಲಿಗೂ ಅದೇ. ಈಗ ಆ ಎಣ್ಣೆ ಯಾರಿಗೂ ಬೇಡ. ಊರಿನಲ್ಲಿ ಬೀಜ ಹೆಕ್ಕುತ್ತಿದ್ದವಳು ಈ ಹುಡುಗಿ ಒಬ್ಬಳೇ. ಹಾಲಿನ ಖಾಲಿ ಪ್ಯಾಕೆಟ್ಟುಗಳಲ್ಲಿ ಮಣ್ಣು ತುಂಬಿ ಊರುತ್ತಿದ್ದಳು. ಶಾಲೆಯಿಂದ ಬಂದವಳು ಮರದ ಬುಡದಲ್ಲಿ ಬೆನ್ನು ಆನಿಸಿ ಕೂತರೆ ದೀಪ ಹಚ್ಚುವ ಹೊತ್ತಿಗೇ ಒಳಗೆ ಬರುವುದು.

ಅಣ್ಣ ಬಿಣಗಾದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಒಳ್ಳೆಯ ಮನುಷ್ಯ. ಕಾರು ಕೊಂಡ ಮೇಲೆ ಸ್ವಲ್ಪ ಕಡಿಮೆ ಒಳ್ಳೆಯವನಾದ. ಬಿಳಿಯ ಕಾರು. ಅದನ್ನು ನಿಲ್ಲಿಸಲು ಇದ್ದ ಜಾಗ ಹೊನ್ನೆಮರದ ಕೆಳಗೆ ಮಾತ್ರ. ಬಾವಲಿಗಳಿಗೆ ಕಾರು ಹೊಸದು ಎಂದು ಯಾರು ಹೇಳಬೇಕು? ದಿನಾ ಬೆಳಿಗ್ಗೆ ಅಣ್ಣ ಬಕೆಟ್ಟು, ಬಟ್ಟೆ ಹಿಡಿದು ಕಾರಿನ ತಲೆ ತೊಳೆಯುತ್ತಾ ಬಾವಲಿಗಳ ಹಿಂದಿನ ಏಳು ತಲೆಮಾರನ್ನೂ ಬೈಯುತ್ತಿದ್ದ. ತನ್ನ ಸ್ವಂತ ಅಪ್ಪನ ಬೆನ್ನು ತಿಕ್ಕಿದವನಲ್ಲ, ಆ ತಗಡಿಗೆ ಎಷ್ಟು ಸೇವೆ! ಒಂದು ದಿನ ಬಕೆಟ್ಟು ಕುಕ್ಕಿ, "ಬರೂ ಭಾನುವಾರ ಈ ಮರ ತೆಗ್ಸಿಬಿಡ್ತೆ" ಎಂದ.

ಹುಡುಗಿ ಅತ್ತಳು. ಊಟ ಬಿಟ್ಟಳು. "ಒಂದು ಮರ ಹೋದ್ರೆ ಎಂತಾ ಆಗ್ತದೆ? ಗುಡ್ಡದ ತುಂಬ ಮರ ಅದೆ" ಎಂದು ಅಣ್ಣ ಅವಳಿಗೆ ಐಸ್‌ಕ್ರೀಮು ತಂದುಕೊಟ್ಟ. ಅದನ್ನು ಅವಳು ತಿನ್ನಲಿಲ್ಲ, ಅಣ್ಣನೇ ತಿಂದ. ಗರಗಸದವನಿಗೆ ಫೋನೂ ಮಾಡಿದ.

ಶನಿವಾರ ಬೆಳಿಗ್ಗೆ ಅಂಗಳ ಗುಡಿಸಲು ಹೋದ ಅತ್ತಿಗೆ ಕಿರುಚಿದ್ದು ಕೇಳಿ ನಾವೆಲ್ಲ ಹೊರಗೆ ಓಡಿದೆವು. ಹೊನ್ನೆಮರದ ಬುಡದಲ್ಲಿ ಒಂದು ಕಲ್ಲು. ಹಳ್ಳದ ನುಣುಪಾದ ಕರಿಕಲ್ಲು, ತೆಂಗಿನಕಾಯಿಗಿಂತ ತುಸು ದೊಡ್ಡದು. ಮೈತುಂಬ ಅರಿಸಿನ, ಹಣೆಯೆಂದು ತೋರುವ ಕಡೆ ಕುಂಕುಮ, ಮೇಲೊಂದು ಕೆಂಪು ದಾಸಾಳ, ಮುಂದೆ ವೀಳ್ಯದೆಲೆ. ಅತ್ತಿಗೆಯ ಕೈಯಿಂದ ಪೊರಕೆ ಬಿದ್ದುಹೋಗಿತ್ತು. ಅಣ್ಣ ಪಂಚೆ ಇಳಿಬಿಟ್ಟು, ಚಪ್ಪಲಿ ಕಳಚಿ, ಕೈ ಮುಗಿದು ನಿಂತ.

ಚಾ ಕುಡಿಯುವಾಗ ನೋಡಿದೆ, ಹುಡುಗಿಯ ಉಗುರುಗಳೆಲ್ಲ ಹಳದಿ. ಬಾವಿಕಟ್ಟೆಯ ಹಿಂದೆ ಕರೆದುಕೊಂಡು ಹೋಗಿ ಕೇಳಿದೆ.

"ರಾಜಕುಮಾರಿ ಕಾಡಿನ ಸುತ್ತ ಮಾಯೆಯ ಗೆರೆ ಎಳೀತಾಳೆ ಅತ್ತೆ. ಯಾರಿಗೂ ದಾಟೂಕಾಗುದಿಲ್ಲ," ಎಂದಳು. "ಇಲ್ಲಿ ಗೆರೆ ಎಳೆದ್ರೆ ಅಪ್ಪ ಅದರ ಮೇಲೇ ಕಾರು ಹತ್ತಿಸ್ತಾನೆ. ಕುಂಕುಮ ಹಾಕಿದ್ರೆ ಹತ್ಸೂದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಆ ದಪ್ಪ ಪುಸ್ತಕ ಬರೆದವರಿಗೆ ಇಲ್ಲದ ಬುದ್ಧಿ ಈ ಹುಡುಗಿಗಿತ್ತು. ನಮ್ಮ ಕಡೆಯ ಓಣಿಗಳಲ್ಲಿ ಉಳಿದಿರುವ ದೊಡ್ಡ ಮರಗಳನ್ನು ಎಣಿಸಿ ನೋಡಿ, ಪ್ರತಿಯೊಂದರ ಬುಡದಲ್ಲೂ ಜಟಕನೋ ಚೌಡಿಯೋ ನಾಗನೋ ಕೂತಿರುತ್ತಾರೆ. ಕಾವಲಿಲ್ಲದ ಮರಗಳು ಎಂದೋ ಬಾಗಿಲು, ಕಿಟಕಿ, ಕಟ್ಟಿಗೆ ಆಗಿವೆ. ಅಣ್ಣ ಗರಗಸದವನಿಗೆ ಬರಬೇಡ ಎಂದು ಹೇಳಿ, ಕಾರನ್ನು ಹೆದ್ದಾರಿಯ ಹತ್ತಿರದ ನೆಂಟರ ಅಂಗಳದಲ್ಲಿ ನಿಲ್ಲಿಸಿ, ಅಲ್ಲಿಂದ ನಡೆದು ಬರತೊಡಗಿದ. ಹೋಗುವಾಗ ಬರುವಾಗ ಕಲ್ಲಿಗೆ ಕೈ ಮುಗಿಯುತ್ತಿದ್ದ. ಹುಡುಗಿ ಮರದ ಮೇಲೆ ಕಾಲು ಚಾಚಿ ಕೂತು ಅದನ್ನು ನೋಡುತ್ತಿದ್ದಳು. ಅವಳಷ್ಟು ಸುಖವಾಗಿದ್ದ ರಾಣಿ ಯಾವ ಅರಮನೆಯಲ್ಲೂ ಇದ್ದಿರಲಾರಳು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಮ್ಮವರಿಗೆ ಏನನ್ನಾದರೂ ಅದರ ಪಾಡಿಗೆ ಬಿಟ್ಟು ಗೊತ್ತಿಲ್ಲ. ಯಾರೋ ಕಲ್ಲಿನ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. "ತಾನಾಗಿ ಉದ್ಭವಿಸಿದ ಶಿಲೆ" ಎಂದು ಕೆಳಗೆ ಬರೆದಿತ್ತು. ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಆ ಕೈಗಳಲ್ಲಿ ಅರ್ಧ, ಗ್ರಾಮಸಭೆಗೆ ಕರೆದರೆ ಏಳದ ಕೈಗಳು. ಮರುದಿನ ಒಬ್ಬರ ಆಕಳು ಕಳೆದುಹೋಗಿ ಸಂಜೆ ಮನೆಗೆ ಬಂತಂತೆ, ಕಲ್ಲಿಗೆ ಹೇಳಿಕೊಂಡಿದ್ದರಂತೆ. ದಿನಾ ಸಂಜೆ ತಾನಾಗಿ ಮನೆಗೆ ಬರುವ ಆಕಳು ಅದು, ನನಗೆ ಅದರ ಕೊಂಬಿನ ಗುರುತೂ ಇದೆ. ನಾನು ಹೇಳಿದೆ. ನನ್ನನ್ನು ನಾಸ್ತಿಕಳು ಎಂದರು.

ಆಮೇಲೆ ಸಮಿತಿ ಹುಟ್ಟಿತು. ಅದಕ್ಕೆ ಅಧ್ಯಕ್ಷರು ನಮ್ಮೂರ ಶಾಲೆಯಿಂದ ನಿವೃತ್ತರಾದ ಹೆಡ್‌ಮಾಸ್ತರರು. ನನಗೆ ಏಳನೆಯ ಇಯತ್ತೆಯಲ್ಲಿ ವಿಜ್ಞಾನ ಕಲಿಸಿದವರು ಅವರೇ. ಮೊದಲ ಚರ್ಚೆ, ಇದು ಯಾವ ದೇವರು ಎಂಬುದು. ಚೌಡಿ ಎಂದರು, ನಾಗ ಎಂದರು, ಕಡೆಗೆ ಗದ್ದಲ ಜೋರಾಗಿದ್ದ ಕಡೆಯವರು ಗೆದ್ದು ಜಟಕ ಎಂದಾಯಿತು. ಎರಡನೆಯ ಚರ್ಚೆ, ಕಲ್ಲಿಗೆ ಮುಖ ಯಾವ ಕಡೆ ಎಂಬುದು. ಉರುಟು ಕಲ್ಲಿಗೆ ಮುಖವೆಲ್ಲಿ? ಒಂದು ಇಡೀ ಸಂಜೆ ವಾದ ಮಾಡಿ, ಓಣಿಯ ಕಡೆಗೆ, ಅಂದರೆ ದಕ್ಷಿಣಕ್ಕೆ, ಎಂದು ತೀರ್ಮಾನಿಸಿದರು. ಹುಡುಗಿ ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ನಗು ನಿಂತದ್ದು ಗುಡಿಯ ಮಾತು ಬಂದಾಗ. ದೇವರು ಮಳೆಯಲ್ಲಿ ನೆನೆಯಬಾರದು. ಸ್ಲ್ಯಾಬು ಹಾಕಿ, ನೆಲಕ್ಕೂ ಗೋಡೆಗೂ ಟೈಲ್ಸ್ ಅಂಟಿಸಿ, ಮುಂದೆ ಕಬ್ಬಿಣದ ಗೇಟು ಇಟ್ಟು ಒಂದು ಗುಡಿ ಆಗಬೇಕು. ಅಂಕೋಲೆಯಿಂದ ಗುತ್ತಿಗೆದಾರ ಬಂದು ಟೇಪು ಹಿಡಿದು ಅಳೆದ. ಮರದ ಬೇರು ಅಡಿಪಾಯ ಎತ್ತುತ್ತದೆ ಎಂದ. ಸಮಿತಿಯ ಇನ್ನೊಬ್ಬರು, "ಬಾವಲಿ ದೇವ್ರ ತಲೆ ಮೇಲೇ ಹೊಲಸು ಹಾಕ್ತದೆ, ಮೈಲಿಗೆ" ಎಂದರು. ಬರುವ ಭಕ್ತರ ವಾಹನ ತಿರುಗಲು ಜಾಗ ಬೇಡವೇ ಎಂದು ಮತ್ತೊಬ್ಬರು ಕೇಳಿದರು. ಅಣ್ಣ ಕಾರಿಗಾಗಿ ಹೇಳಿದ್ದ ಮಾತುಗಳೇ ಒಂದೂ ಬಿಡದೆ ವಾಪಸು ಬಂದವು, ಈಗ ದೇವರ ಹೆಸರಲ್ಲಿ. ಮರ ತೆಗೆಯುವುದು ಎಂದಾಯಿತು. ಮರವನ್ನು ಕಾಯಲು ಕೂರಿಸಿದ ದೇವರಿಗಾಗಿ ಮರವನ್ನೇ ಕಡಿಯುವ ಬುದ್ಧಿ ಭೂಮಿಯ ಮೇಲೆ ಇನ್ನೆಲ್ಲಿಯಾದರೂ ಇದ್ದರೆ ನನಗೆ ತಿಳಿಸಿ.

ಹುಡುಗಿ ಆ ರಾತ್ರಿಯೇ ಅಪ್ಪನ ಮುಂದೆ ನಿಂತು ಎಲ್ಲ ಹೇಳಿದಳು. ಕಲ್ಲು ಹಳ್ಳದ್ದು. ಅರಿಸಿನ ಅಡುಗೆಮನೆಯ ಡಬ್ಬಿಯದ್ದು. ದಾಸಾಳ ನಮ್ಮದೇ ಬೇಲಿಯದ್ದು. ಅಣ್ಣ ಹೊಡೆಯುತ್ತಾನೆ ಎಂದು ನಾನು ಅಡ್ಡ ನಿಂತೆ. ಅವನು ಹೊಡೆಯಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ನೀ ಇಟ್ಟದ್ದಲ್ಲ ಮಗಾ," ಎಂದ. "ಅಂವ ನಿನ್ನ ಕೈಲಿ ಇಡ್ಸ್ಕಂಡದ್ದು. ಇಷ್ಟು ಮನೆ ಬಿಟ್ಟು ನಮ್ಮನೆ ಮಗಳ ಕೈನೇ ಬೇಕಾಯ್ತು ಅವನಿಗೆ!"

ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಮರುದಿನ ಸಮಿತಿಯ ಮುಂದೆ ಸ್ವತಃ ಮಗಳನ್ನು ಕರೆದೊಯ್ದು, ಹೇಳು ಎಂದ. ಅವಳು ಹೆದರದೆ, ಸ್ಪಷ್ಟವಾಗಿ, "ಇದು ದೇವರಲ್ಲ, ಕಲ್ಲು. ಮರ ಕಡೀಬಾರದು ಅಂತ ನಾನು ಇಟ್ಟದ್ದು" ಎಂದಳು. ಆಮೇಲೆ ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, "ಮಗುವಿನ ಕೈಯಿಂದ ಪ್ರಕಟ ಆದ್ದು ಅಂದ್ರೆ ಸ್ಥಳದ ಮಹಿಮೆ ಇನ್ನೂ ದೊಡ್ಡದು" ಎಂದರು. ಒಬ್ಬ ಮುದುಕಿ ಎದ್ದುಬಂದು ಹುಡುಗಿಯ ಪಾದ ಮುಟ್ಟಿದಳು. ಹುಡುಗಿ ಬೆಂಕಿ ತಾಗಿದವಳಂತೆ ಕಾಲು ಹಿಂದೆಳೆದುಕೊಂಡಳು.

ನಾನು ಎದ್ದು ನಿಂತು, ಅಷ್ಟಿದ್ದರೆ ಆ ದೇವರನ್ನೇ ಕೇಳಿ, ಮರ ಕಡಿಯಬಹುದೋ ಬೇಡವೋ ಎಂದು, ಎಂದೆ. ಕೋಪದಲ್ಲಿ ಹೇಳಿದ ಮಾತು. ಅವರಿಗೆ ಅದು ಭಾರಿ ಹಿಡಿಸಿತು. ನಮ್ಮ ಕಡೆ ಪ್ರಸಾದ ಕೇಳುವ ಪದ್ಧತಿ ಇದೆ. ದೇವರ ಮೈಗೆ ನೀರು ಹಾಕಿ ಬಲಕ್ಕೊಂದು, ಎಡಕ್ಕೊಂದು ಹೂವಿನ ಎಸಳು ಅಂಟಿಸುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಮದುವೆ, ಮನೆ, ದೋಣಿ ಇಳಿಸುವುದು, ಎಲ್ಲಕ್ಕೂ ಕೇಳುತ್ತಾರೆ. ಸಾಮಾನ್ಯವಾಗಿ ಬೆಳಿಗ್ಗೆ ಕೇಳುವುದು. ಇವರು ಮಧ್ಯಾಹ್ನ ಊಟ ಮುಗಿಸಿ, ಸಣ್ಣ ನಿದ್ದೆ ತೆಗೆದು, ಆಮೇಲೆ ಸೇರಿದರು.

ದಕ್ಷಿಣಕ್ಕೆ ಮುಖ ಮಾಡಿ ಕೂತವನ ಬಲಗಡೆ ಎಂದರೆ ಪಡುವಣ. ಅಲ್ಲಿ ಕಡಲು. ಹೊತ್ತು ಇಳಿದ ಮೇಲೆ ಬಿಸಿಲೂ ಆ ಕಡೆಯಿಂದ, ಗಾಳಿಯೂ ಆ ಕಡೆಯಿಂದ. ಬಲಗಡೆಯ ಎಸಳು ಮೊದಲು ಒಣಗಿ ಬೀಳದೆ ಇನ್ನೇನಾದೀತು? ಆ ಹೊತ್ತಿನಲ್ಲಿ ಕೇಳಿದರೆ ಆ ಜಟಕ ಊರನ್ನೇ ಮಾರಲೂ ಒಪ್ಪುತ್ತಾನೆ. "ಸರ್, ಕಡಲಗಾಳಿ, ನೆಲಗಾಳಿ ನೀವೇ ಅಲ್ವ ನಮಗೆ ಕಲಿಸಿದ್ದು? ನಾಳೆ ಬೆಳಿಗ್ಗೆ ಕೇಳಿ" ಎಂದೆ. ಹೆಡ್‌ಮಾಸ್ತರರು ನನ್ನ ಕಡೆ ಕರುಣೆಯಿಂದ ನೋಡಿ, "ಅದು ಪಾಠ, ಇದು ಪ್ರಸಾದ" ಎಂದರು. ಎಸಳು ಬಿತ್ತು. ಬಲಕ್ಕೇ ಬಿತ್ತು. ಹರಹರ ಎಂದು ಎಲ್ಲರೂ ಕೂಗಿದರು. ಹುಡುಗಿ ಮುಖ ತಿರುಗಿಸಿಕೊಂಡು ಮನೆಯೊಳಗೆ ಹೋದಳು.

ಕಡಿಯುವ ದಿನ ಅವಳು ಎಲ್ಲರಿಗಿಂತ ಮೊದಲು ಎದ್ದಿದ್ದಳು. ಗರಗಸದವನು ಯಂತ್ರ ಶುರುಮಾಡುವಾಗ ಅವಳು ಓಡಿಬಂದು ಮರದ ಬುಡದಲ್ಲಿ ನಿಂತಳು. ಜಡೆ ಬಿಚ್ಚಿ ಹಾಕಿದ್ದಳು. ಹಣೆಗೆ ಕುಂಕುಮ ಬಳಿದುಕೊಂಡಿದ್ದಳು. ಮೈ ಅದುರಿಸುತ್ತಾ, ಕಣ್ಣು ಮೇಲೆ ಮಾಡಿ, ಗಂಟಲಿನ ಆಳದಿಂದ, "ನನ್ನ ಮರ ಮುಟ್ಟಬೇಡಿ!" ಎಂದು ಕೂಗಿದಳು. ದೇವರು ಮೈಮೇಲೆ ಬರುವುದನ್ನು ಅವಳೂ ನೋಡಿ ಬೆಳೆದವಳೇ ತಾನೆ. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಗರಗಸದವನು ಯಂತ್ರ ಆರಿಸಿ, ಚಪ್ಪಲಿ ಕಳಚಿ ಕೈ ಮುಗಿದ. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಮರ ಉಳಿಯಿತು ಎಂದುಕೊಂಡೆ.

ಹೆಡ್‌ಮಾಸ್ತರರು ಮುಂದೆ ಬಂದರು. ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಜಟಕ ಗಂಡು ದೇವ್ರು," ಎಂದರು. "ಹೆಣ್ಣುಮಕ್ಕಳ ಮೈಮೇಲೆ ಬರೂದಿಲ್ಲ. ಹುಡ್ಗಿಗೆ ಬಿಸ್ಲು ತಾಗಿದೆ, ಒಳಗೆ ಕರ್ಕಂಡು ಹೋಗಿ ಮಜ್ಜಿಗೆ ಕೊಡಿ."

"ಕಲ್ಲಿಡೂಕೆ ಹೆಣ್ಣಿನ ಕೈ ಆಯ್ತು, ಮಾತಾಡೂಕೆ ಹೆಣ್ಣಿನ ಬಾಯಿ ಆಗೂದಿಲ್ವ?" ಎಂದು ನಾನು ಚೀರಿದೆ. "ಅದು ಬೇರೆ, ಇದು ಬೇರೆ" ಎಂದರು. ಎಲ್ಲರೂ ತಲೆಯಾಡಿಸಿದರು. ನಿಜ ಹೇಳಿದಾಗ ಅವಳು ದೇವರ ಕೈ, ದೇವರಾಗಿ ಹೇಳಿದಾಗ ಅವಳು ಬಿಸಿಲು ತಾಗಿದ ಹುಡುಗಿ. ಈ ಜನಕ್ಕೆ ಯಾವ ಮಾಯಾದಂಡವೂ ಸಾಲದು. ಅತ್ತಿಗೆ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಒದ್ದಾಡುತ್ತಿದ್ದಳು. ಮರ ಬೀಳುವಾಗ ನಾನು ಅವಳ ಕಿವಿ ಮುಚ್ಚಲು ಹೋದೆ. ಕೈ ತಳ್ಳಿದಳು. ಪೂರ್ತಿ ಕೇಳಿಸಿಕೊಂಡಳು.

ಸಂಜೆ ಬಾವಲಿಗಳು ಬಂದು, ಮರ ಇದ್ದ ಜಾಗದ ಮೇಲೆ ಸ್ವಲ್ಪ ಹೊತ್ತು ಸುತ್ತಿ, ಹೊರಟುಹೋದವು. ಮರದ ಕಾಂಡ ವ್ಯರ್ಥವಾಗಲಿಲ್ಲ, ಗುಡಿಯ ಬಾಗಿಲುವಾಡಕ್ಕೇ ಬಂತು ಎಂದು ಸಮಿತಿಯವರು ನನಗೆ ಸಮಾಧಾನ ಹೇಳಿದರು. ಗುಡಿಗೆ "ಹೊನ್ನೆಮರದ ಜಟಕ" ಎಂದು ಬೋರ್ಡು ಹಾಕಿದರು. ಬೋರ್ಡು ಬರೆದವನು ಕಾರವಾರದವನು. ಮರ ಎಲ್ಲಿ ಎಂದು ಅವನು ಕೇಳಿದನಂತೆ, ಪಾಪ. ಗುಡಿಯ ಸುತ್ತ ಈಗ ನೆರಳಿಲ್ಲ. ಭಕ್ತರ ಕಾಲು ಸುಡುತ್ತದೆ ಎಂದು ಹಸಿರು ಬಣ್ಣದ ಪ್ಲಾಸ್ಟಿಕ್ ಚಾಪೆ ಹಾಸಿದ್ದಾರೆ.

ಪ್ರತಿಷ್ಠೆಯ ದಿನ ಹುಡುಗಿಗೆ ಸನ್ಮಾನ ಇಟ್ಟುಕೊಂಡರು. ಹೋಗುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಹೋದಳು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿ, ಕೈಗೆ ಫಲತಾಂಬೂಲ ಕೊಟ್ಟರು. ಹೆಡ್‌ಮಾಸ್ತರರು ಮೈಕಿನಲ್ಲಿ ಅವಳನ್ನು ದೇವರ ಕೂಸು ಎಂದರು. ಅವಳು ಅಳಲೂ ಇಲ್ಲ, ನಗಲೂ ಇಲ್ಲ. ಆಮೇಲೆ ಹೆಂಗಸರು ಸಾಲಾಗಿ ಬಂದು ಅವಳಿಗೆ ಕೈ ಮುಗಿದು ಹೋಗತೊಡಗಿದರು. ನಾನು ಪಕ್ಕದಲ್ಲಿ ನಿಂತು ಹಲ್ಲು ಕಚ್ಚಿಕೊಂಡಿದ್ದೆ. ಅಗಸೂರಿನ ಕಡೆಯಿಂದ ಬಂದಿದ್ದ ಒಬ್ಬಳು, ಕಂಕುಳಲ್ಲಿ ಮಗು, ಬಗ್ಗಿ ಅವಳ ಮಂಡಿ ಮುಟ್ಟಿ, "ನಮಗೂ ಒಂದು ಒಳ್ಳೆ ಮಾತು ಹೇಳು ತಾಯಿ" ಎಂದಳು.

ಹುಡುಗಿ ಶಾಲು ಸರಿಸಿ ಅವಳ ಕಡೆ ತಿರುಗಿದಳು.

"ನಿಮ್ಮನೆ ಹತ್ರ ಮರ ಅದ್ಯಾ?"

"ಅದೆ ತಾಯಿ. ದೊಡ್ಡ ಹಲಸಿನ ಮರ. ನಮ್ಮ ಮಾವನ ಅಪ್ಪ ನೆಟ್ಟದ್ದು."

ಹುಡುಗಿ ಮುಂದಕ್ಕೆ ಬಾಗಿ, ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಕೇಳದ ಹಾಗೆ, "ಅದನ್ನ ದೇವ್ರಿಗೆ ಮಾತ್ರ ತೋರ್ಸಬೇಡಿ" ಎಂದಳು.

ಆ ಹೆಂಗಸು ಭಕ್ತಿಯಿಂದ ಕಣ್ಣು ಮುಚ್ಚಿ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಅದಕ್ಕೆ ಎಷ್ಟು ಕಾಯಿ ಒಡೆಯಬೇಕು ಎಂದು ಕೇಳಿದಳು.